ಮಾವನ ಬಾಯಲ್ಲಿ ಉಳಿದ ಒಂದೇ ಮಾತು

ಆಟಿ ತಿಂಗಳು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನನ್ನ ಸೋದರಮಾವನ ಮನೆ. ಬೆಳಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತು ಚಾಲಿ ಅಡಿಕೆ ಸುಲಿಯುತ್ತಿದ್ದ ಮಾವನ ಬಲಗೈಯಿಂದ ಒಂದು ಅಡಿಕೆ ಜಾರಿತು. ಹೆಕ್ಕಿದರು. ಮತ್ತೆ ಜಾರಿತು. ಮೂರನೇ ಸಲ ಹೆಕ್ಕಲು ಬಗ್ಗಿದವರು ಹಾಗೇ ಗೋಡೆಗೆ ಒರಗಿದರು. ಒಳಗಿನಿಂದ ಬಂದ ಅತ್ತೆ ‘ಎಂತಾಯ್ತು?’ ಅಂತ ಕೇಳಿದರು. ಮಾವ ಬಾಯಿ ತೆರೆದರು, ತುಟಿ ಒಂದು ಬದಿಗೆ ವಾಲಿತು, ಮಾತು ಹೊರಡಲಿಲ್ಲ.

ಪಿತ್ತ ಏರಿರಬೇಕು ಅಂದರು ಅತ್ತೆ. ಸ್ವಲ್ಪ ಮಲಗಲಿ ಅಂದೆವು ನಾವು. ನಾವು ಅಂದರೆ ಅದರಲ್ಲಿ ನಾನೂ ಇದ್ದೆ. ದಿನಾ ರಾತ್ರಿ ಫೋನಿನಲ್ಲಿ ಮಿದುಳಿನ ಬಗ್ಗೆ ವಿಡಿಯೋ ನೋಡುವವನು, ನರವಿಜ್ಞಾನ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು ಅರ್ಧ ಗಂಟೆ ಕೊರೆಯುವವನು, ಕಣ್ಣೆದುರು ಪಾರ್ಶ್ವವಾಯು ಆದಾಗ ‘ಸ್ವಲ್ಪ ಮಲಗಲಿ’ ಅಂದೆ. ಎರಡು ಗಂಟೆ ಹಾಗೇ ಹೋಯಿತು. ಆಮೇಲೆ ಜೀಪು ಸಿಗಬೇಕು, ಆ ಮಳೆಯಲ್ಲಿ ಮಂಗಳೂರಿಗೆ 50 ಕಿಲೋಮೀಟರಿಗಿಂತ ಜಾಸ್ತಿ ದಾರಿ, ಹೆದ್ದಾರಿ ಕೆಲಸ ನಡೆಯುತ್ತಿದ್ದದ್ದು ಬೇರೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ತಲುಪಿ ಸ್ಕ್ಯಾನ್ ಆಗುವಾಗ ಅದು ದಾಟಿತ್ತು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಒಬ್ಬ ವೈದ್ಯರು ಲೆಕ್ಕ ಹಾಕಿದ್ದಾರೆ. ಮಿದುಳಿನಲ್ಲಿ ಒಟ್ಟು ಇರುವುದು ಸುಮಾರು 8,600 ಕೋಟಿ ನರಕೋಶ. ಆ ಎರಡು ಗಂಟೆಯನ್ನು 19 ಲಕ್ಷದಿಂದ ಗುಣಿಸಿ ನೋಡಲು ನನಗೆ ಈಗಲೂ ಧೈರ್ಯ ಇಲ್ಲ.

ಓದುತ್ತಿರುವವರು ಇಷ್ಟು ನೆನಪಿಟ್ಟುಕೊಳ್ಳಿ ಸಾಕು. ಮುಖ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಮಲಗಿಸಬೇಡಿ. ಹೊರಡಿ.

ಗಡ್ಡೆ ಕಟ್ಟಿದ್ದು ಮಿದುಳಿನ ಎಡಬದಿಯಲ್ಲಿ. ಬಲಗೈಯವರಲ್ಲಿ ಹೆಚ್ಚಿನವರಿಗೆ ಮಾತಿನ ಕೆಲಸ ನಡೆಯುವುದು ಅಲ್ಲೇ. ಮೂರನೇ ದಿನ ಮಾವನ ಬಾಯಿಂದ ಮಾತು ಬಂತು. ಬಂದದ್ದು ಒಂದೇ ಮಾತು: ‘ಅಪ್ಪು.’ ನಮ್ಮ ಮನೆಮಾತು ಹವ್ಯಕ ಕನ್ನಡ. ಅದರಲ್ಲಿ ‘ಅಪ್ಪು’ ಅಂದರೆ ‘ಹೌದು’. ಚಾಯ ಬೇಕಾ ಮಾವ? ಅಪ್ಪು. ಬೇಡವಾ? ಅಪ್ಪು. ನೋವು ಉಂಟಾ? ಅಪ್ಪು. ಫ್ಯಾನ್ ಹಾಕಬೇಕಾ? ಅಪ್ಪು ಅಪ್ಪು, ಅಂತ ಸಿಟ್ಟಿನಿಂದ ಎಡಗೈ ಬೀಸಿ ‘ಹಾಕಬೇಡ’ ಅಂತ ತೋರಿಸುತ್ತಿದ್ದರು. ಬೇಡ ಅನ್ನುವುದಕ್ಕೂ ಅವರ ಬಾಯಲ್ಲಿ ಹೌದೇ ಬರುತ್ತಿತ್ತು. ಹಾಗೆ ಬಂದದ್ದು ಅವರಿಗೂ ಕೇಳುತ್ತಿತ್ತು. ಕೇಳಿದ ಕೂಡಲೇ ಮುಖ ಹಿಂಡಿಕೊಳ್ಳುತ್ತಿದ್ದರು. ಒಂದು ದಿನ ಹಾಗೇ ಅತ್ತುಬಿಟ್ಟರು. ತಾಳಮದ್ದಳೆಯಲ್ಲಿ ಎದುರು ಕೂತವನನ್ನು ಒಂದೂವರೆ ಗಂಟೆ ಬಾಯಿ ಮುಚ್ಚಿಸಿ ಅರ್ಥ ಹೇಳುತ್ತಿದ್ದ ಮನುಷ್ಯ.

ಆ ಹೊತ್ತಿಗೆ ನನಗೆ ನೆನಪಾದದ್ದು ಪ್ಯಾರಿಸಿನ ಲೆಬೋರ್ಞ್. ಮಿದುಳಿನ ಬಗ್ಗೆ ಓದುವವರಿಗೆಲ್ಲ ಇವನ ಪರಿಚಯ ಉಂಟು. 30ರ ವಯಸ್ಸಿನಲ್ಲಿ ಮಾತು ಹೋಗಿ ಬಿಸೆತ್ರ್ ಆಸ್ಪತ್ರೆ ಸೇರಿದವನು 21 ವರ್ಷ ಅಲ್ಲೇ ಇದ್ದ. ಏನು ಕೇಳಿದರೂ ‘ತಾಂ, ತಾಂ’ ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನಿಗೆ ಅದೇ ಹೆಸರಾಗಿ ಹೋಯಿತು. ತೀರಾ ಸಿಟ್ಟು ಬಂದಾಗ ಒಂದು ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತಂತೆ. 1861ರ ಏಪ್ರಿಲಿನಲ್ಲಿ ಅವನು ಸತ್ತ ಮೇಲೆ ಪಾಲ್ ಬ್ರೋಕಾ ಅನ್ನುವ ವೈದ್ಯರು ಮಿದುಳು ತೆಗೆದು ನೋಡಿದರು. ಎಡಬದಿಯಲ್ಲಿ, ಹಣೆಯ ಹಿಂದೆ, ಒಂದು ಭಾಗ ಕೊಳೆತು ಗುಂಡಿ ಬಿದ್ದಿತ್ತು. ಮಾತಾಡುವ ಶಕ್ತಿ ಇರುವುದು ಇಂಥ ಜಾಗದಲ್ಲಿ ಅಂತ ಬೆರಳಿಟ್ಟು ತೋರಿಸಿದ್ದು ಅದೇ ಮೊದಲು ಅನ್ನಬಹುದು. ಆ ಜಾಗಕ್ಕೆ ಈಗಲೂ ಬ್ರೋಕಾನದೇ ಹೆಸರು. ಒಂದು ಒಳ್ಳೆ ಕೆಲಸವನ್ನೂ ಬ್ರೋಕಾ ಮಾಡಿದರು. ಆ ಮಿದುಳನ್ನು ಕೊಯ್ಯದೆ ಇಡಿಯಾಗಿ ಉಳಿಸಿದರು. ಅದಕ್ಕೇ ಸುಮಾರು ಒಂದೂವರೆ ಶತಮಾನದ ಮೇಲೆ, 2007ರಲ್ಲಿ, ಅದನ್ನು ಎಂಆರ್‌ಐ ಯಂತ್ರದೊಳಗೆ ಇಟ್ಟು ನೋಡಲು ಆಯಿತು. ನೋಡಿದರೆ, ಪೆಟ್ಟು ಬ್ರೋಕಾ ಮೇಲಿನಿಂದ ಕಂಡದ್ದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿತ್ತು. ಮಾತಿನ ಜಾಗ ಅಂತ ಒಂದು ಚುಕ್ಕೆ ಇಟ್ಟು ಕೈತೊಳೆಯುವ ಹಾಗಿಲ್ಲ ಅಂತಾಯಿತು.

ನೋಡಲು ಬಂದ ನೆಂಟರು ವಾರ್ಡಿನ ಹೊರಗೆ ನಿಂತು ಒಂದೇ ಮಾತು ಹೇಳುತ್ತಿದ್ದರು. ‘ಆದದ್ದು ತಲೆಗೆ. ಮನಸ್ಸು ಸರಿ ಉಂಟು.’ ಸಮಾಧಾನಕ್ಕೆ ಹೇಳಿದ್ದು. ನನಗೆ ಮಾತ್ರ ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಕನ್ನಡದಲ್ಲಿ ನಾವು ಇವೆರಡನ್ನೂ ಎಷ್ಟು ಸಲೀಸಾಗಿ ಬೇರೆ ಇಟ್ಟಿದ್ದೇವೆ ನೋಡಿ. ಲೆಕ್ಕ ತಲೆಗೆ ಹತ್ತುವುದಿಲ್ಲ, ಮಾತು ಮನಸ್ಸಿಗೆ ನಾಟುತ್ತದೆ. ತಲೆ ಕೆಟ್ಟಿದೆ ಅಂದರೆ ಒಂದು, ಮನಸ್ಸು ಕೆಟ್ಟಿದೆ ಅಂದರೆ ಇನ್ನೊಂದು. ಮನಸ್ಸು ಎಲ್ಲಿ ಅಂತ ಯಾರನ್ನಾದರೂ ಕೇಳಿದರೆ ಕೈ ಎದೆಗೇ ಹೋಗುತ್ತದೆ. ನಾವು ಮಾತ್ರ ಅಲ್ಲ, ಅರಿಸ್ಟಾಟಲ್ ಕೂಡ ಯೋಚನೆ ನಡೆಯುವುದು ಹೃದಯದಲ್ಲಿ, ಮಿದುಳು ಇರುವುದು ಮೈಯ ಬಿಸಿ ಆರಿಸಲು ಅಂತ ನಂಬಿದ್ದ.

ಮನಸ್ಸು ಬೇರೆ, ದೇಹ ಬೇರೆ ಅಂತ ಕಟ್ಟುನಿಟ್ಟಾಗಿ ಹೇಳಿದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ಗೆ 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಒಂದು ಕಾಗದ ಬರೆದಳು. ಅವಳ ಪ್ರಶ್ನೆ ಸರಳ. ಮನಸ್ಸಿಗೆ ತೂಕ ಇಲ್ಲ, ಆಕಾರ ಇಲ್ಲ ಅನ್ನುತ್ತೀರಿ. ಹಾಗಾದರೆ ಅದು ಮೈಯನ್ನು ತಳ್ಳುವುದು ಹೇಗೆ? ಡೆಕಾರ್ಟ್ ಕೊಟ್ಟ ಉತ್ತರ ಓದಿದರೆ, ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ನಾಲ್ಕು ಪುಟ ತುಂಬಿಸುತ್ತಿದ್ದ ನನ್ನ ನೆನಪೇ ಆಗುತ್ತದೆ.

ಈಗಿನ ನರವಿಜ್ಞಾನಿಗಳಲ್ಲಿ ಹೆಚ್ಚಿನವರು ಎರಡು ಅನ್ನುವುದಿಲ್ಲ. ಮಿದುಳು ಮಾಡುವ ಕೆಲಸಕ್ಕೇ ಮನಸ್ಸು ಅಂತ ಹೆಸರು ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ, ತುಂಬಾ ಜೋರಾಗಿ ಅನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ. ಆದರೆ ಆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಕೂತದ್ದರಿಂದ ಆ ಮಾತು ಎಷ್ಟು ವಿಚಿತ್ರ ಅಂತ ಗೊತ್ತಾಯಿತು. ಕಾರಣ ಮಾವ ಅಲ್ಲ, ಪಕ್ಕದ ಮಂಚದವರು.

ಅವರಿಗೆ ಪೆಟ್ಟು ಬಿದ್ದದ್ದು ಮಿದುಳಿನ ಬಲಬದಿಗೆ, ಅದು ನಡೆಸುವುದು ಮೈಯ ಎಡಬದಿಯನ್ನು, ಹಾಗಾಗಿ ಎಡಗೈ ಎಡಗಾಲು ಏಳುತ್ತಿರಲಿಲ್ಲ. ಮಾತು ಚೆನ್ನಾಗಿಯೇ ಇತ್ತು, ಮಲಯಾಳದಲ್ಲಿ ಒಂದೇ ಸಮ ಮಾತಾಡುತ್ತಿದ್ದರು. ನರ್ಸ್ ಬಂದು ‘ಎಡಗೈ ಎತ್ತಿ’ ಅಂದರೆ ‘ಎತ್ತಿದೆ’ ಅನ್ನುತ್ತಿದ್ದರು. ಕೈ ಹಾಸಿಗೆ ಮೇಲೇ ಇರುತ್ತಿತ್ತು. ಎಲ್ಲಿ ಎತ್ತಿದ್ದೀರಿ ಅಂತ ಕೇಳಿದರೆ, ‘ನಿನ್ನೆಯಿಂದ ಸ್ವಲ್ಪ ಸುಸ್ತು, ಈಗ ಬೇಡ.’ ಒಂದು ಮಧ್ಯಾಹ್ನ ಅವರ ಮಗಳು ಆ ಕೈಯನ್ನು ಹಿಡಿದು ಅವರ ಎದೆ ಮೇಲೆ ಇಟ್ಟಳು. ಅವರು ಅದನ್ನು ನೋಡಿ ಬಲಗೈಯಲ್ಲಿ ಹಗುರವಾಗಿ ಪಕ್ಕಕ್ಕೆ ಸರಿಸಿದರು, ಬಸ್ಸಿನಲ್ಲಿ ಪಕ್ಕದವನ ಕೈ ನಮ್ಮ ಮೇಲೆ ಬಿದ್ದರೆ ಸರಿಸುತ್ತೇವಲ್ಲ, ಹಾಗೆ. ‘ಇದು ತಮ್ಮನದು’ ಅಂದರು. ತಮ್ಮ ಅಲ್ಲಿ ಇರಲೇ ಇಲ್ಲ. ಮಗಳು ಹೊರಗೆ ಹೋಗಿ ನಿಂತಳು.

ಇದು ಹಟ ಅಲ್ಲ, ಹುಚ್ಚೂ ಅಲ್ಲ. ತನಗೆ ಕಾಯಿಲೆ ಇರುವುದೇ ತನಗೆ ಗೊತ್ತಾಗದ ಈ ಸ್ಥಿತಿಗೆ ಬಾಬಿನ್ಸ್ಕಿ ಅನ್ನುವ ಫ್ರೆಂಚ್ ವೈದ್ಯರು 1914ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ, ಅನೋಸೊಗ್ನೋಸಿಯಾ ಅಂತ. ಹೆಚ್ಚಾಗಿ ಬಲಬದಿಯ ಪೆಟ್ಟಿನಲ್ಲೇ ಬರುತ್ತದೆ. ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ ಉಂಟು. ಇಂಥವರ ಎಡಕಿವಿಗೆ ತಣ್ಣೀರು ಬಿಟ್ಟರೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಶೀತ ತಾಗಿ ಮಿದುಳಿನ ಬಲಬದಿ ಸ್ವಲ್ಪ ಚುರುಕಾಗುತ್ತದೆ. ಆಗ ಕೆಲವರು ‘ಹೌದಲ್ಲ, ನನ್ನ ಕೈ ಏಳುತ್ತಿಲ್ಲ, ಇದು ನನ್ನದೇ’ ಅಂತ ಒಪ್ಪಿಕೊಳ್ಳುತ್ತಾರೆ. ನೀರಿನ ಪ್ರಭಾವ ಇಳಿದ ಮೇಲೆ ಮತ್ತೆ ‘ನನ್ನದಲ್ಲ’. 1980, 90ರ ದಶಕಗಳಲ್ಲಿ ಇಟಲಿಯ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ‘ಇದು ನಾನು’ ಅನ್ನುವ ಅರಿವು ಕಿವಿಗೆ ಹಾಕಿದ ತಣ್ಣೀರಿನಿಂದ ಬಂದು ಹೋಗುತ್ತದೆ ಅಂದರೆ ಏನು ಹೇಳುವುದು ಮಾರಾಯ್ರೆ?

ಎರಡು ಮಂಚ, ಮಧ್ಯೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಎಡಕ್ಕೆ ಮಾವ, ಮಾತು ಹೋಗಿದೆ, ಹೋದದ್ದು ಗೊತ್ತಿದೆ, ಅಳುತ್ತಾರೆ. ಬಲಕ್ಕೆ ಇವರು, ಕೈ ಹೋಗಿದೆ, ಹೋದದ್ದು ಗೊತ್ತಿಲ್ಲ, ಊರಿಗೆ ಹೋಗಿ ಬೈಕ್ ಓಡಿಸುವ ಮಾತಾಡುತ್ತಾರೆ. ಮನಸ್ಸು ಒಳಗಿನಿಂದ ನೋಡುವಾಗ ಒಂದೇ ತುಂಡಿನ ಬಟ್ಟೆ. ಎಲ್ಲಿಯೂ ಹೊಲಿಗೆ ಕಾಣುವುದಿಲ್ಲ. ಮಿದುಳಿಗೆ ಪೆಟ್ಟು ಬಿದ್ದಾಗ ಮಾತ್ರ ಹೊಲಿಗೆ ಬಿಡುತ್ತದೆ. ಅದೂ ನಾವು ಎಣಿಸಿದ ಕಡೆ ಅಲ್ಲ. ಹೌದು ಅನ್ನುವ ಮಾತು ಬೇರೆ, ಹೌದು ಅನ್ನುವ ಅರ್ಥ ಬೇರೆ ಅಂತ ಯಾರು ಎಣಿಸಿದ್ದರು? ಕೈ ಬೇರೆ, ‘ನನ್ನ ಕೈ’ ಬೇರೆ ಅಂತ?

ಮಿದುಳು ಪೆಟ್ಟು ತಿಂದವರ ಕಥೆ ಅಂದ ಕೂಡಲೇ ಎಲ್ಲರೂ ಫಿನಿಯಾಸ್ ಗೇಜ್‌ನಿಂದ ಶುರು ಮಾಡುತ್ತಾರೆ, ಅದೇ, 1848ರಲ್ಲಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆ ತಲೆ ತೂರಿ ಹೋದರೂ ಬದುಕಿದವನು. ‘ಒಳ್ಳೆಯವನು ರಾತ್ರಿ ಬೆಳಗಾಗುವುದರೊಳಗೆ ರಾಕ್ಷಸನಾದ’ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಅಷ್ಟೊಂದು ಉತ್ಪ್ರೇಕ್ಷೆ ಬೇಡ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಪೂರ್ತಿ ಕೆಟ್ಟವನ ಕೈಗೆ ಯಾರು ಅಷ್ಟು ಕುದುರೆ, ಅಷ್ಟು ಜನರನ್ನು ಕೊಡುತ್ತಾರೆ?

ಮಾವನ ಕಥೆಗೆ ಬರುತ್ತೇನೆ.

ಮನೆಗೆ ಕರೆದುಕೊಂಡು ಬಂದೆವು. ಊರಲ್ಲಿ ಕೆಲವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ ಅಂದರು, ಅತ್ತೆ ಇಡಿಸಿದರು, ನಾಗನಿಗೆ ಏನೋ ಬಾಕಿ ಇತ್ತಂತೆ, ಅದನ್ನೂ ಮಾಡಿದರು. ನಾನು ತಕರಾರು ಮಾಡಲಿಲ್ಲ. ‘ಸ್ವಲ್ಪ ಮಲಗಲಿ’ ಅಂದವನಿಗೆ ತಕರಾರು ಮಾಡುವ ಮುಖ ಎಲ್ಲಿದೆ?

ಒಂದು ಸಂಜೆ ದೇವರ ಎದುರು ದೀಪ ಹಚ್ಚಿ ಮಕ್ಕಳು ಭಜನೆಗೆ ಕೂತರು. ಮಾವ ಚಾವಡಿಯ ಕುರ್ಚಿಯಲ್ಲಿ. ಎರಡನೇ ಭಜನೆ ಅರ್ಧಕ್ಕೆ ಬರುವಾಗ ಒಂದು ದಪ್ಪ ದನಿ ಸೇರಿತು. ನಾವೆಲ್ಲ ಹಾಡುವುದು ನಿಲ್ಲಿಸಿದೆವು. ಅದೇ ತಪ್ಪಾಯಿತು, ಮಾವನೂ ನಿಲ್ಲಿಸಿಬಿಟ್ಟರು. ಅತ್ತೆ ಕಣ್ಣಲ್ಲೇ ಗದರಿದರು, ಮತ್ತೆ ಶುರು ಮಾಡಿದೆವು. ಮಾವ ಹಾಡಿದರು. ಮುಕ್ಕಾಲು ಪಾಲು ಮಾತು ಸರಿಯಾಗಿಯೇ ಇತ್ತು. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಭಜನೆ ಮುಗಿಯಿತು, ಅತ್ತೆ ಓಡಿ ಬಂದು ಕೇಳಿದರು, ಮಾತು ಬಂತಾ?

ಅಪ್ಪು, ಅಂದರು ಮಾವ.

ಮಾತು ಹೋದವರು ಹಾಡುವುದು ಹೊಸ ಸಂಗತಿ ಅಲ್ಲ. ಮಾತಾಡಲು ಆಗದ ಮನುಷ್ಯ ಚರ್ಚಿನಲ್ಲಿ ಸ್ತೋತ್ರ ಹಾಡಿದ್ದನ್ನು 1745ರಷ್ಟು ಹಿಂದೆಯೇ ಸ್ವೀಡನ್ನಿನಲ್ಲಿ ಒಬ್ಬರು ದಾಖಲಿಸಿದ್ದಾರೆ. ಬಾಯಿಪಾಠವಾದ ಹಾಡು, ಒಂದರಿಂದ ಹತ್ತರವರೆಗಿನ ಎಣಿಕೆ, ವಾರದ ಹೆಸರು, ಬೈಗುಳ, ಇವೆಲ್ಲ ಮಾತಿನ ಹಾಗೆ ಕೇಳಿದರೂ ಮಿದುಳು ಅವನ್ನು ಬೇರೆ ದಾರಿಯಲ್ಲಿ ತರುತ್ತದೆ. ಇದನ್ನೇ ಹಿಡಿದುಕೊಂಡು 1973ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಒಂದು ಚಿಕಿತ್ಸೆ ಶುರು ಮಾಡಿದರು. ಬೇಕಾದ ಮಾತನ್ನು ಹಾಡಿನ ಹಾಗೆ ಏರಿಸಿ ಇಳಿಸಿ ಹೇಳಿಸುವುದು, ಜತೆಗೆ ಎಡಗೈಯಲ್ಲಿ ತಟ್ಟುವುದು. ಮಾವನಿಗೂ ಅದನ್ನು ಮಾಡಿಸಿದರು. ನೀ-ರು ಬೇ-ಕು. ನೀ-ರು ಬೇ-ಕು.

ಎಡಬದಿ ಹೋದರೂ ಬಲಬದಿಯಲ್ಲಿ ಸಂಗೀತ ಉಳಿದಿರುತ್ತದೆ, ಅದೇ ಮಾತನ್ನು ಎತ್ತಿಕೊಂಡು ಬರುತ್ತದೆ ಅನ್ನುವುದು ಹಳೆಯ ವಿವರಣೆ. ಕೇಳಲು ಚಂದ. ಆದರೆ 2011ರಲ್ಲಿ ಜರ್ಮನಿಯಲ್ಲಿ 17 ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದಾಗ, ಸಹಾಯ ಮಾಡಿದ್ದು ರಾಗ ಅಲ್ಲ, ಲಯ ಅಂತ ಕಂಡಿತು. ಜತೆಗೆ, ಮಾತು ಮೊದಲೇ ಎಷ್ಟು ಬಾಯಿಪಾಠ ಇತ್ತು ಅನ್ನುವುದು. ಇದನ್ನು ಓದಿದಾಗ ನನಗೆ ಮಾವನ ಎಡಗೈಯೇ ಕಣ್ಣಿಗೆ ಬಂತು. ಭಜನೆಯಲ್ಲಿ ಅವರ ಶ್ರುತಿ ಅಷ್ಟೇನೂ ಸರಿ ಇರಲಿಲ್ಲ. ತಾಳ ಮಾತ್ರ ಒಂದು ಪೆಟ್ಟೂ ತಪ್ಪಿರಲಿಲ್ಲ. ನಲವತ್ತು ವರ್ಷ ಚೆಂಡೆ ಮದ್ದಳೆ ಪಕ್ಕ ಕೂತ ಮೈ ಅದು.

ಮೈ ಅಂತ ಬರೆದೆ. ಮನಸ್ಸು ಅಂತ ಬರೆಯಬೇಕಿತ್ತಾ, ಮಿದುಳು ಅಂತಲಾ? ಹೆನ್ರಿ ಮೊಲೈಸನ್ ಅನ್ನುವ ಅಮೆರಿಕದವನ ವಿಷಯ ಗೊತ್ತಿರಬಹುದು. 1953ರಲ್ಲಿ, ಅಪಸ್ಮಾರ ಗುಣವಾಗಲಿ ಅಂತ, ಮಿದುಳಿನ ಎರಡೂ ಬದಿಯಿಂದ, ಹೊಸ ನೆನಪು ಕೂರಿಸುವ ಹಿಪ್ಪೋಕ್ಯಾಂಪಸ್‌ನ ದೊಡ್ಡ ಪಾಲನ್ನು ತೆಗೆದರು. ಆಗ ಅವನಿಗೆ 27 ವರ್ಷ. ಆಮೇಲೆ 2008ರಲ್ಲಿ ಸಾಯುವವರೆಗೆ ಹೊಸತೊಂದು ಘಟನೆ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯಲು ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಮೂರನೇ ದಿನವೂ ಅವನಿಗೆ, ಇಂಥ ಕೆಲಸ ತಾನು ಹಿಂದೆ ಮಾಡಿದ ನೆನಪೇ ಇಲ್ಲ. ಕಲಿತದ್ದು ಅವನೇ ಅಲ್ವಾ? ಆದರೆ ಯಾವ ಅವನು?

ಇನ್ನು ಭಾಷೆಯ ವಿಷಯ. ನಮ್ಮ ಕಾಸರಗೋಡಿಗೆ ಸಪ್ತಭಾಷಾ ಸಂಗಮಭೂಮಿ ಅಂತ ಹೆಸರು, ಭಾಷಣ ಮಾಡುವವರೆಲ್ಲ ಅದರಿಂದಲೇ ಶುರು ಮಾಡುವುದು. ಮಾವನ ತಲೆಯೊಳಗೂ ಒಂದು ಸಂಗಮಭೂಮಿ ಇತ್ತು. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕಲಿತದ್ದು, ಪೇಪರು ಓದುವುದು, ತಾಳಮದ್ದಳೆ ಎಲ್ಲ ಪುಸ್ತಕದ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ, ವಿಲೇಜ್ ಆಫೀಸಿನಲ್ಲಿ ಮಲಯಾಳ. 1956ರಲ್ಲಿ ಊರು ಕೇರಳಕ್ಕೆ ಹೋದಾಗ ಅವರು ತೊಟ್ಟಿಲ ಮಗು. ಅಂದರೆ ಮಲಯಾಳ ಬೇಕೇ ಬೇಕಾಯಿತು, ಇಷ್ಟ ಇರಲಿ ಬಿಡಲಿ.

ಯಾವುದು ಮೊದಲು ವಾಪಸು ಬರುತ್ತದೆ? ನಾನು ಒಳಗೊಳಗೇ ಕಾಯುತ್ತಿದ್ದೆ. ಹಾಗೆ ಕಾಯುವುದು ಸ್ವಲ್ಪ ನಾಚಿಕೆಗೇಡೂ ಹೌದು. ಇದರ ಬಗ್ಗೆ ಫ್ರಾನ್ಸಿನ ಇಬ್ಬರು ಹೇಳಿದ್ದು ಪ್ರಸಿದ್ಧ. ಮೊದಲು ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ ಅಂತ ರಿಬೋ 1881ರಲ್ಲಿ ಬರೆದರು. ಹಾಗಲ್ಲ, ಪೆಟ್ಟು ಬೀಳುವಾಗ ಯಾವುದು ಜಾಸ್ತಿ ಬಳಕೆಯಲ್ಲಿತ್ತೋ ಅದು ಮೊದಲು ಬರುತ್ತದೆ ಅಂದರು ಪಿತ್ರ್, 1895ರಲ್ಲಿ. ರಿಬೋ ಪ್ರಕಾರ ಹವ್ಯಕ. ಪಿತ್ರ್ ಪ್ರಕಾರವೂ ಹವ್ಯಕವೇ ಇರಬೇಕು, ಮನೆಮಾತು ತಾನೆ.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಟ್ಟಿತು. ವರ್ಷಾನುಗಟ್ಟಲೆ ತೋಟಕ್ಕೆ ಮದ್ದು ಬಿಡಲು, ಕೊಯ್ಯಲು ಬರುವವರು ಒಬ್ಬರು ಮಾವನನ್ನು ನೋಡಲು ಬಂದರು. ಅಂಗಳದಲ್ಲೇ ನಿಂತು, ಮುಂಡಾಸು ಬಿಚ್ಚಿ, ‘ಎಂಚ ಉಲ್ಲರ್ ಅಣ್ಣೇರೆ?’ ಅಂದರು. ಹೇಗಿದ್ದೀರಿ ಅಂತ.

‘ಉಲ್ಲೆ’ ಅಂದರು ಮಾವ. ಇದ್ದೇನೆ.

ಆಮೇಲೆ ಇನ್ನೆರಡು ಮಾತು ತುಳುವಿನಲ್ಲೇ ಬಂತು. ಮಳೆ, ಕೊಳೆರೋಗ. ತೊದಲಿಕೊಂಡು, ಹುಡುಕಿಕೊಂಡು, ಆದರೂ ಬಂತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಖುಷಿಯಾಯಿತು ಅಂತ ನೀವು ಎಣಿಸಬಹುದು. ಆಯಿತು, ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಒಂದು ಬಾಣಲೆಯನ್ನು ಬೇಕಾದ ಹೊತ್ತಿಗಿಂತ ಜಾಸ್ತಿ ಉಜ್ಜುತ್ತಾ ಅತ್ತೆ ಅಂದರು: ‘ನಲವತ್ತೆರಡು ವರ್ಷ ಬೇಯಿಸಿ ಹಾಕಿದ್ದು ನಾನು. ನನ್ನ ಹತ್ತಿರ ಅಪ್ಪು, ಅವರ ಹತ್ತಿರ ಕೊಳೆರೋಗದ ಮಾತು.’

ನನಗೆ ನಗು ಬಂತು, ನಗಲಿಲ್ಲ. ಆದರೆ ಅತ್ತೆಯ ಲೆಕ್ಕ, ಪಿತ್ರ್ ಹೆಸರಲ್ಲಿ ನಾನು ಹಾಕಿದ ಲೆಕ್ಕಕ್ಕಿಂತ ಸರಿ ಇತ್ತು ಅಂತ ಆಮೇಲೆ ತೋಚಿತು. ಮಾವ ದಿನದಲ್ಲಿ ಜಾಸ್ತಿ ಮಾತಾಡುತ್ತಿದ್ದದ್ದು ತೋಟದಲ್ಲೇ. ಮನೆಯಲ್ಲಿ ಅವರು ಮೊದಲಿನಿಂದಲೂ ಹೆಚ್ಚು ಕಡಿಮೆ ‘ಅಪ್ಪು’ ಗಿರಾಕಿಯೇ! ಅದನ್ನು ಅತ್ತೆಗೆ ಹೇಳುವ ಧೈರ್ಯ ಮಾಡಲಿಲ್ಲ.

ತಮಾಷೆ ಬಿಟ್ಟು ಹೇಳುವುದಾದರೆ, ರಿಬೋ ಮಾತಿಗೂ ಪಿತ್ರ್ ಮಾತಿಗೂ ಹೊಂದದ ರೋಗಿಗಳು ಬೇಕಾದಷ್ಟು ಸಿಕ್ಕಿದ್ದಾರೆ. ಕೆಲವರಿಗೆ ಎಲ್ಲ ಭಾಷೆ ಒಟ್ಟಿಗೇ ಬರುತ್ತದೆ. ಕೆಲವರಿಗೆ ಒಂದು ಬಂದು ಇನ್ನೊಂದು ಬರುವುದೇ ಇಲ್ಲ. ಇನ್ನು ಕೆಲವರಿಗೆ ಇವತ್ತು ಒಂದು, ನಾಳೆ ಇನ್ನೊಂದು. 1978ರಲ್ಲಿ ಓಜೆಮನ್ ಮತ್ತು ವಿಟೇಕರ್ ಅನ್ನುವ ಸಂಶೋಧಕರು, ಎರಡು ಭಾಷೆ ಗೊತ್ತಿದ್ದ ಇಬ್ಬರ ಮಿದುಳಿಗೆ, ಆಪರೇಷನ್ ವೇಳೆ ಎಚ್ಚರ ಇರುವಾಗಲೇ, ಸಣ್ಣ ಕರೆಂಟು ಮುಟ್ಟಿಸಿ ಚಿತ್ರಗಳ ಹೆಸರು ಹೇಳಿಸಿದರು. ಮಿದುಳಿಗೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಇದು ಸಾಧ್ಯ. ಕೆಲವು ಜಾಗ ಮುಟ್ಟಿದರೆ ಎರಡೂ ಭಾಷೆ ನಿಂತಿತು. ಕೆಲವು ಕಡೆ ಒಂದು ಮಾತ್ರ ನಿಂತಿತು. ಅಂದರೆ ಒಂದೇ ಮನೆಯಲ್ಲಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಚಾವಡಿ ಒಂದೇ, ಒಲೆ ಬೇರೆ.

ಇಂಥದ್ದೆಲ್ಲ ಓದುವಾಗ ಒಂದು ಎಚ್ಚರಿಕೆ ಬೇಕು. ಪೇಪರಿನಲ್ಲಿ ಬರುವ ಬಣ್ಣದ ಮಿದುಳಿನ ಚಿತ್ರ ಉಂಟಲ್ಲ, ‘ಪ್ರೀತಿ ಇರುವುದು ಇಲ್ಲಿ’, ‘ಭಕ್ತಿ ಇರುವುದು ಇಲ್ಲಿ’ ಅಂತ, ಅದನ್ನು ಸುಮ್ನೆ ನಂಬಬೇಡಿ. ಆ ಚಿತ್ರ ಕೊಡುವ ಎಂಆರ್‌ಐ ಯಂತ್ರ ಯೋಚನೆಯ ಫೋಟೋ ತೆಗೆಯುವುದಿಲ್ಲ. ಎಲ್ಲಿ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯಿತು ಅಂತ ನೋಡಿ ಲೆಕ್ಕ ಹಾಕುತ್ತದೆ, ಅಷ್ಟೆ. 2009ರಲ್ಲಿ ಕೆಲವರು ಸತ್ತ ಸಾಲ್ಮನ್ ಮೀನನ್ನು ಆ ಯಂತ್ರದಲ್ಲಿ ಮಲಗಿಸಿ ಅದಕ್ಕೆ ಮನುಷ್ಯರ ಚಿತ್ರ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಅಂತ ಕೇಳಿದರು. ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ನೋಡಿದರೆ, ಮೀನಿನ ಮಿದುಳಿನಲ್ಲೂ ಒಂದೆರಡು ಚುಕ್ಕೆ ಹೊಳೆಯಿತು! ಬೇಕೆಂದೇ ಮಾಡಿದ ಲೇವಡಿ ಅದು. ಮಾಡಿದವರೂ ವಿಜ್ಞಾನಿಗಳೇ ಅನ್ನುವುದು ನನಗೆ ಇಷ್ಟ.

ಮನಸ್ಸು ಮಿದುಳಿನದ್ದೇ ಕೆಲಸ ಅಂತ ನಂಬಲು ನಮ್ಮ ಕಡೆಯವರಿಗೆ ಯಂತ್ರವೇ ಬೇಕಾಗಿಲ್ಲ. ಮಾವನ ಮನೆಯಿಂದ ಪೆರ್ಲದ ಕಡೆ ಹೋದರೆ ಎಣ್ಮಕಜೆ ಸಿಗುತ್ತದೆ. ಅಲ್ಲಿ ಗುಡ್ಡದ ಮೇಲಿನ ಗೇರು ತೋಟಗಳಿಗೆ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟರು. 2000ದ ಹೊತ್ತಿಗೆ ಅದು ನಿಂತಿತು, ದೇಶದಲ್ಲಿ ನಿಷೇಧ ಬಂದದ್ದು 2011ರಲ್ಲಿ. ನರಕೋಶಗಳು ಅತಿಯಾಗಿ ಕೆರಳದ ಹಾಗೆ ತಡೆಯುವ ಗಾಬಾ ಅನ್ನುವ ರಾಸಾಯನಿಕ ನಮ್ಮ ಮಿದುಳಲ್ಲಿದೆ. ಅದು ತೆರೆಯಬೇಕಾದ ಬಾಗಿಲನ್ನೇ ಎಂಡೋಸಲ್ಫಾನ್ ಮುಚ್ಚುತ್ತದೆ. ಕೀಟ ಸಾಯುವುದು ಹಾಗೆ. ಮನುಷ್ಯನ ಮೈಗೆ ಜಾಸ್ತಿ ಹೋದರೆ ಅಪಸ್ಮಾರ ಬರುವುದೂ ಹಾಗೇ. ಮೂವತ್ತು ದಾಟಿದ ಮಗನಿಗೆ ಕೈತುತ್ತು ತಿನ್ನಿಸುವ ಅಮ್ಮಂದಿರು ಆ ಊರುಗಳಲ್ಲಿ ಇದ್ದಾರೆ. ಮನಸ್ಸು ಬೇರೆ, ದೇಹ ಬೇರೆ ಅಂತ ನಾನು ಅವರ ಎದುರು ಹೇಳಲಾರೆ. ಮನಸ್ಸು ಅಂದರೆ ಬರೀ ಮಿದುಳು ಅಂತಲೂ ಹೇಳಲಾರೆ. ಆ ಅಮ್ಮಂದಿರು ಮಗನಿಗೆ ಮನಸ್ಸು ಉಂಟು ಅಂತ ಅವನ ಮುಖ ನೋಡಿಯೇ ಮಾತಾಡುತ್ತಾರೆ, ಅವನು ಯಾವುದಕ್ಕೆ ಸಿಟ್ಟಾಗುತ್ತಾನೆ, ಯಾವುದಕ್ಕೆ ನಗುತ್ತಾನೆ ಅಂತ ಪಟ್ಟಿ ಕೊಡುತ್ತಾರೆ. ಇದರ ಬಗ್ಗೆ ಇಷ್ಟು ಸಾಕು.

ಒಮ್ಮೆ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮಿದುಳಿನ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲಿ ಗ್ಲೌಸ್ ಹಾಕಿಸಿ ನಿಜವಾದ ಮಿದುಳನ್ನು ಕೈಗೆ ಕೊಡುತ್ತಾರೆ. ತೂಕ ಹೆಚ್ಚು ಕಡಿಮೆ 1.3 ಕಿಲೋ. ಮದ್ದಿನಲ್ಲಿ ಇಟ್ಟದ್ದರಿಂದ ಗಟ್ಟಿ ಆಗಿರುತ್ತದೆ. ಜೀವ ಇರುವಾಗ ಬೊಂಡದೊಳಗಿನ ಎಳೆ ತಿರುಳಿನಷ್ಟು ಮೆತ್ತಗೆ. ಮೈತೂಕದಲ್ಲಿ 2 ಶೇಕಡಾ, ತಿನ್ನುವುದು ಮಾತ್ರ ಮೈಯ ಒಟ್ಟು ಶಕ್ತಿಯಲ್ಲಿ 20 ಶೇಕಡಾ. ನನ್ನ ಹಿಂದಿದ್ದ ಕಾಲೇಜು ಹುಡುಗಿ ಮಿದುಳು ಕೈಗೆ ಬಂದ ಕೂಡಲೇ ‘ಇವರ ಹೆಸರೇನು?’ ಅಂತ ಕೇಳಿದಳು. ತೋರಿಸುತ್ತಿದ್ದವರು ಒಂದು ಕ್ಷಣ ಸುಮ್ಮನಾದರು. ‘ಇದರ’ ಅನ್ನಲಿಲ್ಲ ನೋಡಿ ಅವಳು.

ಇಷ್ಟೆಲ್ಲ ಗೊತ್ತಾದ ಮೇಲೂ ದೊಡ್ಡ ಪ್ರಶ್ನೆ ಇದ್ದಲ್ಲೇ ಇದೆ. ಇಷ್ಟು ಮೆತ್ತಗಿನ ಮಾಂಸದಲ್ಲಿ ಉಪ್ಪಿನ ಅಂಶ ಆಚೆ ಈಚೆ ಹೋಗಿ ಕರೆಂಟು ಹರಿದರೆ ಹಲಸಿನ ಹಣ್ಣಿನ ರುಚಿ ಯಾಕೆ ಆಗಬೇಕು? ಎಲ್ಲ ಕೆಲಸ ಕತ್ತಲಲ್ಲೇ ನಡೆಯಬಹುದಿತ್ತಲ್ಲ. 1990ರ ದಶಕದಲ್ಲಿ ಡೇವಿಡ್ ಚಾಮರ್ಸ್ ಅನ್ನುವ ತತ್ವಜ್ಞಾನಿ ಇದಕ್ಕೆ ‘ಕಷ್ಟದ ಪ್ರಶ್ನೆ’ ಅಂತ ಹೆಸರಿಟ್ಟರು. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರ ಜತೆ ಪಣ ಕಟ್ಟಿದರು. 25 ವರ್ಷದಲ್ಲಿ, ಮಿದುಳಿನ ಯಾವ ಚಟುವಟಿಕೆ ಅರಿವನ್ನು ಹುಟ್ಟಿಸುತ್ತದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ ಅಂದವರು ಕಾಕ್. ಇಲ್ಲ ಅಂದವರು ಚಾಮರ್ಸ್. 2023ರ ಜೂನಿನಲ್ಲಿ ನ್ಯೂಯಾರ್ಕಿನ ಒಂದು ಸಭೆಯಲ್ಲಿ ಕಾಕ್ ಸೋಲು ಒಪ್ಪಿಕೊಂಡು ವೈನ್ ಬಾಟಲಿ ತಂದು ಕೊಟ್ಟರು. ಸೋತವರು ಇನ್ನೂ 25 ವರ್ಷಕ್ಕೆ ಪಣ ಮುಂದುವರಿಸಿದ್ದಾರೆ.

ಮಾವನಿಗೆ ಈಗ ಮಾತು ತಕ್ಕಮಟ್ಟಿಗೆ ಬರುತ್ತದೆ. ತುಳು ಆದ ಮೇಲೆ ಹವ್ಯಕ ಬಂತು, ಆಮೇಲೆ ಮಲಯಾಳ ಅಲ್ಲೊಂದು ಇಲ್ಲೊಂದು. ಪುಸ್ತಕದ ಕನ್ನಡ ಮಾತ್ರ ಬರಲಿಲ್ಲ. ಅರ್ಥ ಹೇಳುವವರನ್ನು ಕೇಳಲು ಹೋಗುತ್ತಾರೆ, ಹಿಂದೆ ಕೂರುತ್ತಾರೆ. ಎದುರಾಳಿ ಎಡವಿದಾಗ ಯಾವ ಜಾಗದಲ್ಲಿ ಹಿಡಿಯಬೇಕಿತ್ತು ಅಂತ ಅವರಿಗೆ ಗೊತ್ತಾಗುತ್ತದೆ. ತೊಡೆ ತಟ್ಟುತ್ತಾರೆ.

ಕಳೆದ ತಿಂಗಳು ಹೋಗಿದ್ದೆ. ಅಂಗಳ ತುಂಬಾ ಅಡಿಕೆ ಹರವಿತ್ತು. ಬಹಳ ದಿನದಿಂದ ಕೇಳಬೇಕು ಅಂತಿದ್ದದ್ದನ್ನು ಕೇಳಿದೆ. ‘ಮಾವ, ಆಗ ಬರೀ ಅಪ್ಪು ಅಂತಿದ್ದಿರಲ್ಲ, ಹೇಳಬೇಕಾದ ಮಾತು ಒಳಗೆ ಇತ್ತಾ? ಮಾತಾಗಿಯೇ ಇತ್ತಾ, ಅಲ್ಲ ಸುಮ್ನೆ ಒಂದು ತಳಮಳವಾ?’

ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

‘ಅಪ್ಪು’ ಅಂದರು.

‘ಯಾವ ಅಪ್ಪು ಮಾವ ಇದು?’

ನಕ್ಕರು. ಎಡಗೈ ಎತ್ತಿ ಪಡುವಣ ಆಕಾಶ ತೋರಿಸಿದರು. ಅಕಾಲದ ಮೋಡ. ಅಷ್ಟರಲ್ಲಿ ಒಂದು ಹನಿ ಬಿದ್ದೇ ಬಿತ್ತು. ಅತ್ತೆ ಒಳಗಿನಿಂದ ಕೂಗಿದರು, ನಾನು ಗೋಣಿ ತರಲು ಓಡಿದೆ. ಆಮೇಲೆ ಅರ್ಧ ಗಂಟೆ ಅಡಿಕೆ ರಾಶಿ ಮಾಡುವುದೇ ಆಯಿತು.